ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವುದನ್ನು ಮನೆಯವರಿಗೆ ಹೇಗೆ ಒಪ್ಪಿಸಲಿ?

ಶನಿವಾರದ ಆಟವನ್ನು ಮನೆಯಲ್ಲಿ ಮುಚ್ಚಿಡುವುದು ವಾಸಿಯೇ, ಅಥವಾ ‘ವ್ಯಕ್ತಿತ್ವ ವಿಕಸನಕ್ಕೆ ಒಳ್ಳೆಯದು’ ಎಂದು ನಂಬಿಸುವುದೇ ಎಂದು ಕೇಳಿದ್ದೀರಿ. ಎರಡನ್ನೂ ನಾನು ಮಾಡಿದ್ದೇನೆ. ಎರಡೂ ಬೇಡ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾವು ಐವರು ಆಡಲು ಶುರುಮಾಡಿದೆವು. ಒಬ್ಬೊಬ್ಬರೂ ಒಂದು ಪಾತ್ರವಾಗಿ ಮಾತಾಡುತ್ತಾ ಕಥೆ ಕಟ್ಟುವ ಆಟವಿದು; ಪಾತ್ರದ ಪ್ರಯತ್ನ ಫಲಿಸಿತೇ ಎಂಬುದನ್ನು ದಾಳ ಹೇಳುತ್ತದೆ. ನನ್ನದೇ ಬಾಡಿಗೆ ಮನೆ, ನಾನೇ ಡಂಜನ್ ಮಾಸ್ಟರ್, ಅಂದರೆ ಕಥೆ ನಡೆಸುವವನು. ಪುತ್ತೂರಿನಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ‘ಕಚೇರಿಯ ತರಬೇತಿ’ ಎನ್ನುತ್ತಿದ್ದೆ. ಮಾತುಗಾರಿಕೆ ಬೆಳೆಯುತ್ತದೆ, ಇಂಗ್ಲಿಷ್ ಸುಧಾರಿಸುತ್ತದೆ ಎಂದೂ ಸೇರಿಸುತ್ತಿದ್ದೆ. ಮೂರು ವರ್ಷ ಹೀಗೇ ನಡೆಯಿತು.

ಒಮ್ಮೆ ನೆಂಟರ ಮದುವೆಗೆಂದು ಬಂದ ಅಪ್ಪ ಅಮ್ಮ ನನ್ನಲ್ಲೇ ಉಳಿದರು. ನಾನು ಕಚೇರಿಯಲ್ಲಿದ್ದಾಗ ಅಮ್ಮ ಕಪಾಟು ಒರೆಸಲು ಹೋಗಿ ಬಟ್ಟೆಯ ಚೀಲವೊಂದನ್ನು ತೆರೆದಿದ್ದರು. ಒಳಗೆ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳು. ಜೊತೆಗಿದ್ದ ನೋಟ್‌ಬುಕ್‌ನಲ್ಲಿ ಗೆಳೆಯರ ಹೆಸರುಗಳು, ಪ್ರತಿ ಹೆಸರಿನ ಮುಂದೆ ಮೊತ್ತ: ‘340 ಚಿನ್ನ’, ‘120 ಬಾಕಿ’, ‘ಕುದುರೆ ಮಾರಿದ್ದು 75’. ಎಲ್ಲವೂ ನನ್ನ ಕೈಬರಹ. ಆಟದೊಳಗಿನ ನಿಧಿಯನ್ನು ಪಾಲು ಹಾಕಿದ ಲೆಕ್ಕವದು. ಅಮ್ಮನ ಕಣ್ಣಿಗೆ ಅದು ಏನಾಗಿ ಕಂಡಿತೆಂದು ನಾನು ಹೇಳಬೇಕಾಗಿಲ್ಲ.

ನನ್ನ ತಪ್ಪು ಎಲ್ಲಿತ್ತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಹಳ ದಿನ ನಾನೇ ಅದನ್ನು ತಪ್ಪಾಗಿ ತಿಳಿದಿದ್ದೆ. ದಾಳಗಳನ್ನು ಸರಿಯಾಗಿ ಬಚ್ಚಿಡಲಿಲ್ಲ ಎಂಬುದಲ್ಲ. ತರಬೇತಿ ಎಂದು ಹೇಳಿದ ಮೊದಲ ದಿನವೇ ನಿಜ ಹೇಳುವ ದಾರಿಯನ್ನು ನಾನು ಮುಚ್ಚಿಕೊಂಡಿದ್ದೆ. ತರಬೇತಿಗೆ ಯಾರೂ ಅಪ್ಪನನ್ನು ಕರೆಯುವುದಿಲ್ಲ, ಅಲ್ಲಿ ನಕ್ಕಿದ್ದನ್ನು ಯಾರೂ ಮನೆಯಲ್ಲಿ ಹೇಳಿಕೊಳ್ಳುವುದಿಲ್ಲ. ಆಮೇಲೆ ‘ಅದು ಜೂಜಲ್ಲ, ಆಟ’ ಎಂದು ನಾನು ಎಷ್ಟು ಹೇಳಿದರೂ ಅದು ಎರಡನೆಯ ಸುಳ್ಳಿನಂತೆಯೇ ಕೇಳಿಸಿತು. ಅಪ್ಪ ಆ ಶನಿವಾರ ಬಾಗಿಲಲ್ಲೇ ನಿಂತು, ಬಂದ ನಾಲ್ವರನ್ನೂ ‘ನಿಮಗೆ ನನ್ನ ಮಗ ಎಷ್ಟು ಕೊಡಬೇಕು?’ ಎಂದು ಕೇಳಿದರು. ಅವರು ಮತ್ತೆ ಬರಲಿಲ್ಲ.

ಈ ವಿಷಯದಲ್ಲಿ ಅಂತರ್ಜಾಲದಲ್ಲಿ ಸಿಗುವ ಸಲಹೆಗಳು ಹೆಚ್ಚಿನವು ಅಮೆರಿಕದವು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದರು. 80ರ ದಶಕದಲ್ಲಿ ಅಲ್ಲಿಯ ಅನೇಕ ತಂದೆತಾಯಂದಿರು ಇದು ಸೈತಾನನ ಪೂಜೆ ಎಂದು ಬೆದರಿದರು, ಟಿವಿಯಲ್ಲೂ ಅದೇ ಚರ್ಚೆಯಾಯಿತು. ನಮ್ಮವರಿಗೆ ಆ ಭಯವೇ ಇಲ್ಲ. ಯಕ್ಷಗಾನದ ಬಣ್ಣದ ವೇಷದ ರಾಕ್ಷಸರನ್ನು ನೋಡುತ್ತಲೇ ಬೆಳೆದವರು ಅವರು. ಅವರಿಗಿರುವುದು ದಾಳದ ಭಯ. ಧರ್ಮರಾಯ ಏನೇನು ಸೋತನೆಂದು ಅವರಿಗೆ ಗೊತ್ತು. ಆದ್ದರಿಂದ ಆಟದ ಲಾಭಗಳ ಪಟ್ಟಿ ಒಪ್ಪಿಸಬೇಡಿ. ಪಟ್ಟಿ ಕೊಟ್ಟರೆ ನಾಳೆ ಫಲಿತಾಂಶ ಕೇಳುತ್ತಾರೆ: ಬಡ್ತಿ ಎಲ್ಲಿ, ಸಂಬಳ ಎಷ್ಟು ಏರಿತು?

ನನ್ನನ್ನು ಈಗಲೂ ಕೊರೆಯುವುದು ಬೇರೆ. ನನ್ನ ಅಪ್ಪ ಮೂವತ್ತು ವರ್ಷ ತಾಳಮದ್ದಳೆಯಲ್ಲಿ ಹವ್ಯಾಸಿ ಅರ್ಥಧಾರಿ. ವೇಷವಿಲ್ಲದೆ ಕುಳಿತು, ಭಾಗವತರ ಪದ್ಯ ಮುಗಿದೊಡನೆ ಕೌರವನಾಗಿ ಆ ಕ್ಷಣಕ್ಕೆ ಹುಟ್ಟಿದ ಮಾತನ್ನು ಆಡಿದವರು. ಎದುರು ಕುಳಿತ ಕೃಷ್ಣ ಏನು ಕೇಳುತ್ತಾನೆಂದು ಅವರಿಗೆ ಮೊದಲೇ ಗೊತ್ತಿರುತ್ತಿರಲಿಲ್ಲ. ಐವರು ಮೇಜಿನ ಸುತ್ತ ಕುಳಿತು ಬೇರೆ ಬೇರೆ ಪಾತ್ರಗಳಾಗಿ ಮಾತಾಡುವುದನ್ನು ನಾಡಿನಲ್ಲಿ ಯಾರಿಗೂ ವಿವರಿಸುವ ಅಗತ್ಯವಿಲ್ಲದಿದ್ದರೆ ಅದು ಅವರಿಗೇ. ಅವರಿಂದಲೇ ನಾನು ಮುಚ್ಚಿಟ್ಟೆ.

ಎರಡು ವರ್ಷದ ನಂತರ ಊರಿಗೆ ಹೋದಾಗ ಜಗಲಿಯಲ್ಲಿ ಅಕ್ಕನ ಮಕ್ಕಳನ್ನು ಕೂರಿಸಿಕೊಂಡು ಕನ್ನಡದಲ್ಲೇ ಆಡಿಸಿದೆ. ಅಪ್ಪ ಪೇಪರ್ ಓದುತ್ತಿದ್ದವರು ಅದನ್ನು ಮಡಚಿಟ್ಟರು. ಸೇತುವೆ ಕಾಯುವ ದೈತ್ಯನನ್ನು ಮಗು ಮಾತಿನಲ್ಲೇ ಒಲಿಸಲು ನೋಡಿತು. ಗೆಲ್ಲಲು ಬೇಕಾಗಿದ್ದದ್ದು ಕನಿಷ್ಠ 15, ದಾಳ ಉರುಳಿ 17 ಬಿತ್ತು. ‘ಅಂದರೆ ಇಲ್ಲಿ ಸಂಧಾನ ಗೆಲ್ಲಲೂಬಹುದೋ?’ ಎಂದು ಅಪ್ಪ ಕೇಳಿದರು.

ನೀವು ಒಪ್ಪಿಗೆ ಕೇಳಲು ಹೋಗಬೇಡಿ. ದಾಳಗಳನ್ನು ಬಟ್ಟಲಲ್ಲಿ ಹಾಕಿ ಎಲ್ಲರಿಗೂ ಕಾಣುವಂತೆ ಇಡಿ. ಮುಂದಿನ ಶನಿವಾರ ಮನೆಯಲ್ಲೇ, ಬಾಗಿಲು ತೆರೆದೇ ಆಡಿ. ಅಡುಗೆಮನೆಗೆ ಕೇಳುವಷ್ಟು ಜೋರಾಗಿ, ಮನೆಯ ಭಾಷೆಯಲ್ಲಿ. ಯಾರಾದರೂ ಬಂದು ನಿಂತರೆ ಕುರ್ಚಿ ಎಳೆದು ಕೊಡಿ.

ಆ ನಾಲ್ವರು ಯಾವಾಗ ಬರುತ್ತಾರೆ ಎಂದು ಅಪ್ಪ ಈಗ ಕೇಳುತ್ತಾರೆ. ಒಬ್ಬ ಮಾತ್ರ ನನ್ನ ಫೋನ್ ಎತ್ತುತ್ತಾನೆ.