ನಲವತ್ತಕ್ಕಿರುವ ಶ್ರದ್ಧೆ ಐವತ್ತಕ್ಕೇಕಿಲ್ಲ?

ತಪಸ್ಸುಕಾಲ, ಅಂದರೆ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುನ್ನಿನ ನಲವತ್ತು ದಿನಗಳ ಉಪವಾಸದ ಕಾಲ ಮುಗಿದ ಮೇಲೆ ಓದುಗರೊಬ್ಬರು ಬರೆದಿದ್ದಾರೆ: “ತಪಸ್ಸುಕಾಲದಲ್ಲಿ ಉಪವಾಸ, ಶಿಲುಬೆಯ ಹಾದಿ (ಯೇಸುವಿನ ಯಾತನೆಯನ್ನು ಧ್ಯಾನಿಸುವ ಪ್ರಾರ್ಥನೆ), ದಾನ ಯಾವುದನ್ನೂ ಬಿಡಲಿಲ್ಲ. ಪಾಸ್ಖ ಹಬ್ಬದ ಮರುದಿನದಿಂದ ಪ್ರಾರ್ಥನೆಯೇ ನಿಂತುಹೋಗಿದೆ. ಉಪವಾಸವನ್ನು ಇನ್ನೂ ಕೆಲವು ವಾರ ಮುಂದುವರಿಸಿದರೆ ಸರಿಹೋದೀತೇ?”

ನಿಮ್ಮ ಶಿಸ್ತಿಗೆ ಗೌರವವಿದೆ. ಹಸಿವು ಮನಸ್ಸನ್ನು ಹದಗೊಳಿಸುತ್ತದೆ, ನಿಜ. ಆದರೆ ಮುಂದುವರಿಸಬೇಡಿ. ನೀವು ಅಷ್ಟು ನಿಷ್ಠೆಯಿಂದ ಹಾದಿ ಸವೆಸಿ ಬಂದು ಬಾಗಿಲಲ್ಲೇ ನಿಂತಿದ್ದೀರಿ.

ಲೆಕ್ಕವನ್ನೇ ನೋಡಿ. ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರದಿಂದ ಪಾಸ್ಖದ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ 46 ದಿನ. ಅದರಲ್ಲಿ 6 ಭಾನುವಾರ ಕಳೆದರೆ 40. ಭಾನುವಾರ ಪುನರುತ್ಥಾನದ ದಿನ, ಅಂದು ಉಪವಾಸವಿಲ್ಲ. ಪಾಸ್ಖ ಭಾನುವಾರವನ್ನೇ ಮೊದಲ ದಿನವಾಗಿ ಎಣಿಸಿದರೆ ಪವಿತ್ರಾತ್ಮರ ಆಗಮನದ ಹಬ್ಬವಾದ ಪೆಂತಕೋಸ್ತಿಗೆ ಸರಿಯಾಗಿ 50. ಈ ಐವತ್ತನ್ನೂ ಒಂದೇ ‘ಮಹಾ ಭಾನುವಾರ’ದಂತೆ ಆಚರಿಸಬೇಕೆಂದು 1969ರ ಆರಾಧನಾ ಪಂಚಾಂಗದ ನಿಯಮ ಹೇಳುತ್ತದೆ, ಆ ಮಾತು 4ನೇ ಶತಮಾನದ ಧರ್ಮಾಧ್ಯಕ್ಷ ಸಂತ ಅಥನಾಸಿಯುಸರ ಕಾಲದಿಂದ ಬಂದದ್ದು. 325ರಲ್ಲಿ ಧರ್ಮಾಧ್ಯಕ್ಷರು ಸೇರಿದ ನಿಸೇಯಾ ಮಹಾಸಭೆ ಈ ದಿನಗಳಲ್ಲಿ ಮೊಣಕಾಲೂರದೆ ನಿಂತೇ ಪ್ರಾರ್ಥಿಸಬೇಕೆಂದು ಕಟ್ಟಳೆ ಮಾಡಿತು. 4ನೇ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಯಾತ್ರೆ ಹೋದ ಎಜೀರಿಯ, ಪಾಸ್ಖದಿಂದ ಪೆಂತಕೋಸ್ತಿನವರೆಗೆ ಅಲ್ಲಿ ತಪಸ್ವಿಗಳು ಕೂಡ ಉಪವಾಸ ಮಾಡುವುದಿಲ್ಲ ಎಂದು ಬರೆದಿಟ್ಟಿದ್ದಾಳೆ. ತಪಸ್ವಿಗಳೇ ಬಿಟ್ಟದ್ದನ್ನು ನೀವೇಕೆ ಹಿಡಿಯುತ್ತೀರಿ?

ನಿಮ್ಮ ಪ್ರಾರ್ಥನೆ ನಿಂತದ್ದಕ್ಕೆ ಸೋಮಾರಿತನ ಕಾರಣವಲ್ಲ. ಶುಕ್ರವಾರದ ಶಿಲುಬೆಯ ಹಾದಿ ನಿಂತಾಗ ಆ ಗಂಟೆಯೂ ಅದರ ಜೊತೆಗೇ ಹೋಯಿತು. ಆದ್ದರಿಂದ ಮೊದಲು ಆ ಗಂಟೆಯನ್ನು ಉಳಿಸಿಕೊಳ್ಳಿ. ಅದೇ ದಿನ, ಅದೇ ಹೊತ್ತಿಗೆ ಪುನರುತ್ಥಿತ ಕ್ರಿಸ್ತರ ದರ್ಶನಗಳಲ್ಲಿ ವಾರಕ್ಕೊಂದನ್ನು ನಿಧಾನವಾಗಿ ಓದಿ: ಮಗ್ದಲದ ಮರಿಯ ಮತ್ತು ತೋಮ (ಯೊವಾನ್ನ 20), ಎಮ್ಮಾವುವಿನ ದಾರಿ (ಲೂಕ 24), ತಿಬೇರಿಯ ಸರೋವರದ ದಡ (ಯೊವಾನ್ನ 21). ಬಲಿಪೂಜೆಯ ಮೊದಲ ವಾಚನ ಈ ಕಾಲದಲ್ಲಿ ಪ್ರೇಷಿತರ ಕಾರ್ಯಕಲಾಪಗಳಿಂದ ಬರುತ್ತದೆ. ಆ ಗ್ರಂಥದಲ್ಲಿ 28 ಅಧ್ಯಾಯ. ವಾರಕ್ಕೆ ನಾಲ್ಕರಂತೆ ಓದಿದರೆ ಏಳು ವಾರಕ್ಕೆ ಮುಗಿಯುತ್ತದೆ. ಒಂದೇ ಸಲಕ್ಕೆ ಹತ್ತು ಓದುವವರು ಎರಡನೇ ವಾರವೇ ಕೈಬಿಡುತ್ತಾರೆ. ದಿನಕ್ಕೆ ಮೂರು ಹೊತ್ತು ಹೇಳುವ ತ್ರಿಕಾಲ ಪ್ರಾರ್ಥನೆಯ ಬದಲು ‘ಸ್ವರ್ಗದ ರಾಣಿಯೇ’ ಜಪ, ಅದನ್ನು ನಿಂತುಕೊಂಡೇ ಹೇಳಿ. ದಾನ ಮಾತ್ರ ನಿಲ್ಲದಿರಲಿ. ಹಬ್ಬದ ಊಟದಲ್ಲಿ ಬಡವರ ಪಾಲು ಇರಲೇಬೇಕು. ಶುಕ್ರವಾರದ ಮಾಂಸವರ್ಜನೆಗೆ ಹಬ್ಬದ ಮೊದಲ ಎಂಟು ದಿನಗಳಲ್ಲಿ ಬರುವ ಶುಕ್ರವಾರ ವಿನಾಯಿತಿ, ಉಳಿದವುಗಳಿಗೆ ನಿಮ್ಮ ಧರ್ಮಪ್ರಾಂತ್ಯದ ನಿಯಮವೇ ನಿಯಮ.

ತಪ್ಪೆಲ್ಲ ನಿಮ್ಮ ತಲೆಯ ಮೇಲೆ ಹೊರಿಸಲಾರೆ. ತಪಸ್ಸುಕಾಲಕ್ಕೆ ಧ್ಯಾನಕೂಟ, ಮುದ್ರಿತ ಪುಸ್ತಿಕೆ, ವಿಶೇಷ ಪ್ರಸಂಗಗಳೆಲ್ಲ ಸಿದ್ಧವಿರುತ್ತವೆ. ಪಾಸ್ಖ ಕಾಲಕ್ಕೆ ಏನಿದೆ? ಎಷ್ಟೋ ದೇವಾಲಯಗಳಲ್ಲಿ ಎರಡನೇ ಭಾನುವಾರದ ಹೊತ್ತಿಗೆ ಹೂವು ಬಾಡಿರುತ್ತದೆ, ಗಾಯನವೃಂದಕ್ಕೆ ರಜೆ, ಪೆಂತಕೋಸ್ತಿನವರೆಗೂ ಆರಾಧನೆಯಲ್ಲಿ ಉರಿಯಬೇಕಾದ ಪಾಸ್ಖ ಮೇಣದಬತ್ತಿ ಹಚ್ಚುವವರಿಲ್ಲದೆ ನಿಂತಿರುತ್ತದೆ. ದೀಕ್ಷಾಸ್ನಾನವನ್ನು ನೆನಪಿಸುವ ತೀರ್ಥಪ್ರೋಕ್ಷಣೆಗೆ ಈ ಭಾನುವಾರಗಳು ವಿಶೇಷವಾಗಿ ತಕ್ಕವು. ಎರಡೇ ನಿಮಿಷದ ಕೆಲಸ, ಅದನ್ನೂ ಬಿಡುತ್ತಾರೆ. ಅಳುವುದನ್ನು ಮಾತ್ರ ಭಕ್ತಿಯೆಂದು ಕಲಿಸಿ, ಹಿಗ್ಗುವುದನ್ನು ಅಲಂಕಾರದ ಲೆಕ್ಕಕ್ಕೆ ಹಾಕಿದ್ದೇವೆ. ಈ ವಿಷಯದಲ್ಲಿ ನನಗೆ ನಿಜಕ್ಕೂ ನೋವಿದೆ. ನಿಮ್ಮಂಥ ನಾಲ್ಕು ಮಂದಿ ಸೇರಿ ಗುರುಗಳನ್ನು ಕೇಳಿ. ಮೇಣದಬತ್ತಿ ಹಚ್ಚಲು, ಹೂವು ಬದಲಿಸಲು ವಾರದ ಪಾಳಿ ಹಾಕಿಕೊಳ್ಳಿ.

ಕ್ರಿಸ್ತರ ಸ್ವರ್ಗಾರೋಹಣದ ಹಬ್ಬ ಈ ಐವತ್ತರಲ್ಲಿ 40ನೇ ದಿನ, ಗುರುವಾರ. ಅನೇಕ ಕಡೆ ಅದನ್ನು ಭಾನುವಾರಕ್ಕೆ ಮುಂದೂಡಿದ್ದಾರೆ. ಹಾಗಿದ್ದರೂ ಆ ಗುರುವಾರದ ಮರುದಿನ ಶುಕ್ರವಾರದಿಂದ ಪೆಂತಕೋಸ್ತಿನ ಹಿಂದಿನ ದಿನದವರೆಗೆ ಒಂಬತ್ತು ದಿನ ಪವಿತ್ರಾತ್ಮರಿಗಾಗಿ ಪ್ರಾರ್ಥಿಸಿ. ಈ ಉತ್ತರ ನಿಮ್ಮ ಕೈಸೇರುವಾಗ ಎರಡು ಮೂರು ವಾರ ಕಳೆದಿದ್ದರೆ ಚಿಂತೆಯಿಲ್ಲ. ನಡೆಯುತ್ತಿರುವ ವಾರದಿಂದಲೇ ಹಿಡಿಯಿರಿ, ತಪ್ಪಿದ ಅಧ್ಯಾಯಗಳನ್ನು ತುಂಬಿಸಲು ಹೋಗಬೇಡಿ.