ಸಿಡ್ನಿಯಲ್ಲಿ ಕ್ರಿಸ್‌ಮಸ್ ದಿನ: ಊಟ, ಬಿಸಿಲು, ಸಮುದ್ರ

ನಿಮ್ಮ ಪ್ರಶ್ನೆ ಇದು: ಡಿಸೆಂಬರ್ ಕೊನೆಯ ವಾರ ಸಿಡ್ನಿಯಲ್ಲಿ ಇರುತ್ತೀರಿ, ಜೊತೆಗೆ ಇಬ್ಬರು ಮಕ್ಕಳು ಮತ್ತು ವಯಸ್ಸಾದ ಅಪ್ಪ-ಅಮ್ಮ, ಅರ್ಧ ಜನ ಸಸ್ಯಾಹಾರಿಗಳು. 25ನೇ ತಾರೀಕನ್ನು ಬೀಚ್‌ನಲ್ಲಿ ಕಳೆಯಬೇಕು ಅಂತ ಆಸೆ. ಏನೇನು ತಯಾರಿ ಬೇಕು, ಮತ್ತು ಬೆಂಗಳೂರು, ಮಂಗಳೂರಿನ ಬಿಸಿಲು ಕಂಡವರಿಗೆ ಅಲ್ಲಿನ ಬಿಸಿಲು ಯಾವ ಲೆಕ್ಕ ಅಂತಲೂ ಕೇಳಿದ್ದೀರಿ.

ಬಿಸಿಲಿಗಿಂತ ಮೊದಲು ಊಟದ ವಿಷಯ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಪ್ರವಾಸಿಗರು ಎಡವುವುದು ಅಲ್ಲೇ. ನಮ್ಮಲ್ಲಿ ಹಬ್ಬದ ದಿನ ಅಂಗಡಿ ಬೀದಿಗಳು ಗಿಜಿಗುಡುತ್ತವೆ. ಅಲ್ಲಿ ಕ್ರಿಸ್‌ಮಸ್ ದಿನ ಊರೇ ಬಾಗಿಲು ಹಾಕಿರುತ್ತದೆ. ಕೋಲ್ಸ್, ವೂಲ್‌ವರ್ತ್ಸ್, ಆಲ್ಡಿ ಸೂಪರ್‌ಮಾರ್ಕೆಟ್‌ಗಳು ಮೂರೂ ಮುಚ್ಚಿರುತ್ತವೆ. ಮಾಲ್‌ಗಳು ಇಲ್ಲ, ಬಹುಪಾಲು ಔಷಧಿ ಅಂಗಡಿಗಳೂ ಇಲ್ಲ. ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಹಾಲು, ಬ್ರೆಡ್ಡು ಸಿಕ್ಕರೆ ಸಿಕ್ಕಿತು. ತೆರೆದಿರುವ ಹೋಟೆಲ್‌ಗಳಲ್ಲಿ ಕ್ರಿಸ್‌ಮಸ್ ಮಧ್ಯಾಹ್ನದ ಊಟಕ್ಕೆ ತಿಂಗಳುಗಳ ಮೊದಲೇ ಪೂರ್ತಿ ಹಣ ಕಟ್ಟಿ ಕಾದಿರಿಸಿರುತ್ತಾರೆ. ಮಾಮೂಲಿ ಮೆನು ಇಟ್ಟಿರುವ ಕಡೆ ರಜಾದಿನದ ಹೆಚ್ಚುವರಿ ಶುಲ್ಕ ಬೀಳುತ್ತದೆ, ಸಾಮಾನ್ಯವಾಗಿ ಶೇ. 10ರಿಂದ 15. ಪಶ್ಚಿಮ ಸಿಡ್ನಿಯ ಹ್ಯಾರಿಸ್ ಪಾರ್ಕ್‌ನ ವಿಗ್ರಾಮ್ ಸ್ಟ್ರೀಟ್‌ನಲ್ಲಿ ಸಾಲುಸಾಲಾಗಿ ಭಾರತೀಯ ಹೋಟೆಲ್‌ಗಳಿವೆ. ಅಲ್ಲಿ ಊಟ ಸಿಗಬಹುದು, ಆದರೆ ಹಿಂದಿನ ವಾರವೇ ಫೋನ್ ಮಾಡಿ ಟೇಬಲ್ ಹೇಳಿಡಿ. ಅದು ಕರಾವಳಿಯಿಂದ ದೂರ, ಆ ದಿನ ರೈಲು-ಬಸ್ಸುಗಳೂ ರಜಾದಿನದ ವೇಳಾಪಟ್ಟಿಯಲ್ಲಿ ವಿರಳವಾಗಿ ಓಡುತ್ತವೆ. ಬೀಚೂ ಬೇಕು, ಹ್ಯಾರಿಸ್ ಪಾರ್ಕ್ ಊಟವೂ ಬೇಕು ಅಂದರೆ ವಯಸ್ಸಾದವರಿಗೆ ಸುಸ್ತಾಗುತ್ತದೆ.

ನಾನಾದರೆ ಹೋಟೆಲ್ ಆಸೆ ಬಿಟ್ಟು ಬ್ರಾಂಟೆ ಬೀಚ್‌ನ ಹಿಂದಿರುವ ಪಾರ್ಕ್‌ನಲ್ಲಿ ಅಡುಗೆ ಮಾಡಿಕೊಳ್ಳಿ ಅನ್ನುತ್ತೇನೆ. ಟಿ4 ರೈಲಿನಲ್ಲಿ ಬಾಂಡೈ ಜಂಕ್ಷನ್, ಅಲ್ಲಿಂದ ಬಸ್. ಕಾರಿನ ಯೋಚನೆ ಬೇಡ, ನಿಲ್ಲಿಸಲು ಜಾಗ ಸಿಗುವುದಿಲ್ಲ. ಪಾರ್ಕ್‌ನಲ್ಲಿ ಹುಲ್ಲು, ನೆರಳು, ಶೌಚಾಲಯ ಇವೆ, ಜೊತೆಗೆ ಉಚಿತ ವಿದ್ಯುತ್ ಬಾರ್ಬೆಕ್ಯೂ ಒಲೆಗಳು. ಗುಂಡಿ ಒತ್ತಿದರೆ ಉಕ್ಕಿನ ತಟ್ಟೆ ಕಾಯುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ, ಮತ್ತೆ ಒತ್ತಬೇಕು. ಆ ತಟ್ಟೆಯ ಮೇಲೆ ಎಲ್ಲರೂ ಮಾಂಸ ಬೇಯಿಸಿರುತ್ತಾರೆ. ಸಸ್ಯಾಹಾರಿಗಳಿಗೆ ಎರಡು ದಾರಿ: ದಪ್ಪ ಅಲ್ಯೂಮಿನಿಯಂ ಹಾಳೆಯನ್ನು ಎರಡು ಪದರ ಮಡಿಸಿ ಅಂಚು ಮೇಲಕ್ಕೆತ್ತಿ ಹಾಸುವುದು, ಇಲ್ಲವೇ ಚಪ್ಪಟೆ ತಳದ ಸ್ವಂತ ಬಾಣಲೆ ಇಡುವುದು. ಹಾಳೆಯ ಕೆಳಗೆ ಗಾಳಿ ಸಿಕ್ಕಿಕೊಂಡರೆ ಬಿಸಿ ಏರುವುದೇ ಇಲ್ಲ, ಆದ್ದರಿಂದ ಒದ್ದೆ ಬಟ್ಟೆಯಲ್ಲಿ ಒತ್ತಿ ಕೂರಿಸಿ. ಪನೀರ್, ಜೋಳದ ತೆನೆ, ಅಣಬೆ, ದೊಣ್ಣೆಮೆಣಸಿನಕಾಯಿ ಇದರಲ್ಲಿ ಚೆನ್ನಾಗಿ ಆಗುತ್ತವೆ. ದೋಸೆ ಆಗುವುದಿಲ್ಲ, ಶಾಖ ಒಂದೇ ಸಮ ಇರುವುದಿಲ್ಲ. ಇದ್ದಿಲ ಒಲೆ ಒಯ್ಯಬೇಡಿ. ಬೆಂಕಿಯ ಅಪಾಯ ಹೆಚ್ಚಿರುವ ದಿನಗಳಲ್ಲಿ ಹೊರಗೆ ಬೆಂಕಿ ಹಚ್ಚುವುದಕ್ಕೆ ಪೂರ್ಣ ನಿಷೇಧ ಹೊರಡಿಸುತ್ತಾರೆ, ದಂಡ ಭಾರಿ. ಬ್ರಾಂಟೆ, ಬಾಂಡೈ ಮರಳಿನ ಮೇಲೆ ಮದ್ಯವೂ ನಿಷಿದ್ಧ.

ಸಾಮಾನನ್ನು 23ರಂದೇ ಮುಗಿಸಿ, 24ರ ಮಧ್ಯಾಹ್ನದ ಸಾಲು ಬೇಡ. ಮೀನು-ಸಿಗಡಿ ತಿನ್ನುವವರಿಗೆ ಸಿಡ್ನಿ ಫಿಶ್ ಮಾರ್ಕೆಟ್ ಕ್ರಿಸ್‌ಮಸ್‌ಗೆ ಮುಂಚೆ ಸತತ 36 ಗಂಟೆ ತೆರೆದಿರುವ ಸಂಪ್ರದಾಯವಿದೆ. ಅಲ್ಲಿನ ಹಬ್ಬದ ಊಟದ ತಿರುಳೇ ತಣ್ಣನೆಯ ಬೇಯಿಸಿದ ಸಿಗಡಿ, ಚೆರ‍್ರಿ, ಮಾವಿನಹಣ್ಣು, ಪವ್ಲೋವಾ ಎಂಬ ಮೊಟ್ಟೆಯ ಬಿಳಿಭಾಗದ ಸಿಹಿ. ಸಿಗಡಿ ಸಿಪ್ಪೆಸಹಿತ ಒಂದು ಕಿಲೋ ಕೊಂಡರೆ ತಿನ್ನಲು ಸಿಗುವುದು ಅರ್ಧ ಕಿಲೋ ಮಾತ್ರ, ಆ ಲೆಕ್ಕದಲ್ಲೇ ತನ್ನಿ. ಅಂದಹಾಗೆ, ಅಲ್ಲಿ ಡಿಸೆಂಬರ್ ಅಂದರೆ ಮಾವಿನ ಕಾಲ. ಕೆನ್ಸಿಂಗ್ಟನ್ ಪ್ರೈಡ್ ತಳಿ ಸಿಕ್ಕರೆ ಬಿಡಬೇಡಿ.

ಎಸ್ಕಿ, ಅಂದರೆ ಐಸ್ ಪೆಟ್ಟಿಗೆ, ಎರಡು ಇರಲಿ. ಒಂದರಲ್ಲಿ ನೀರು-ಪಾನೀಯ, ಇನ್ನೊಂದರಲ್ಲಿ ಆಹಾರ. ಮಕ್ಕಳು ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆಯುವುದು ಪಾನೀಯದ ಪೆಟ್ಟಿಗೆಯನ್ನು. ಆಹಾರವೂ ಅದರಲ್ಲೇ ಇದ್ದರೆ ಮಧ್ಯಾಹ್ನದೊಳಗೆ ಐಸ್ ನೀರಾಗಿರುತ್ತದೆ. ಅಲ್ಲಿನವರು ಪಾಲಿಸುವ ನಿಯಮ ಸರಳ: 5ರಿಂದ 60 ಡಿಗ್ರಿ ನಡುವಿನ ಶಾಖದಲ್ಲಿ ಆಹಾರ ಒಟ್ಟು ಎರಡು ಗಂಟೆಗಿಂತ ಕಡಿಮೆ ಇದ್ದಿದ್ದರೆ ಮತ್ತೆ ತಣ್ಣಗಿಡಬಹುದು, ಎರಡರಿಂದ ನಾಲ್ಕು ಗಂಟೆ ಆಗಿದ್ದರೆ ಕೂಡಲೇ ತಿಂದು ಮುಗಿಸಬೇಕು, ನಾಲ್ಕು ದಾಟಿದರೆ ಬಿಸಾಡಬೇಕು. ಮೊಸರನ್ನಕ್ಕೂ ಇದೇ ನಿಯಮ.

ಈಗ ಬಿಸಿಲು. ಡಿಸೆಂಬರ್‌ನಲ್ಲಿ ಸಿಡ್ನಿ ಕರಾವಳಿಯ ಸರಾಸರಿ ಗರಿಷ್ಠ ತಾಪಮಾನ 25-26 ಡಿಗ್ರಿ. ಇದನ್ನು ನೋಡಿ ಬೆಂಗಳೂರಿನಂತೆಯೇ ಇದೆ ಅಂದುಕೊಂಡರೆ ಕಷ್ಟ. ಚರ್ಮ ಸುಡುವುದು ಶಾಖದಿಂದಲ್ಲ, ನೇರಳಾತೀತ ಕಿರಣದಿಂದ. ಡಿಸೆಂಬರ್‌ನ ಮೋಡವಿಲ್ಲದ ನಡುಹಗಲಲ್ಲಿ ಅಲ್ಲಿ ಯುವಿ ಸೂಚ್ಯಂಕ, ಅಂದರೆ ಈ ಕಿರಣದ ತೀವ್ರತೆಯ ಅಳತೆ, 11 ದಾಟುವುದು ಮಾಮೂಲು. 3 ತಲುಪಿದರೆ ಸಾಕು, ರಕ್ಷಣೆ ಬೇಕು. ತಂಪು ಗಾಳಿ ಬೀಸುತ್ತಿರುತ್ತದೆ, ಬೆವರು ಬರುವುದಿಲ್ಲ, ಹಾಗಾಗಿ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಸಂಜೆ ಹೊತ್ತಿಗೆ ಭುಜ ಉರಿಯತೊಡಗುತ್ತದೆ. ನಮ್ಮ ಕಂದು ಬಣ್ಣ ಸ್ವಲ್ಪ ಕಾಪಾಡುತ್ತದೆ ನಿಜ, ಆದರೆ ಪೂರ್ತಿ ಅಲ್ಲ. ಕಣ್ಣಿಗಂತೂ ಆ ರಕ್ಷಣೆಯೂ ಇಲ್ಲ. ಇನ್ನೊಂದು ಸಂಗತಿ: ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆದ್ದರಿಂದ ಸೂರ್ಯ ನೆತ್ತಿಗೆ ಬರುವುದು 12ಕ್ಕಲ್ಲ, ಹೆಚ್ಚುಕಡಿಮೆ 1 ಗಂಟೆಗೆ. 3 ಗಂಟೆಗೆ ಬಿಸಿಲು ಇಳಿಯಿತು ಅಂತ ಮಕ್ಕಳನ್ನು ಬಿಟ್ಟರೆ ಅದಿನ್ನೂ ಕಡು ಬಿಸಿಲೇ.

ಸನ್‌ಸ್ಕ್ರೀನ್ ಎಸ್‌ಪಿಎಫ್ 50+ ಇರಲಿ, ಅಲ್ಲೇ ಕೊಳ್ಳಿ, ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಲೀಟರ್ ಪಂಪ್ ಬಾಟಲಿಯೂ ಸಿಗುತ್ತದೆ. ಬಹುತೇಕರು ಹಚ್ಚುವುದು ಬೇಕಾದ್ದಕ್ಕಿಂತ ತೀರಾ ಕಡಿಮೆ. ದೊಡ್ಡವರಿಗೆ ಬೇಕಾದ್ದು ಏಳು ಟೀ ಚಮಚ: ಒಂದೊಂದು ಕೈಗೆ, ಒಂದೊಂದು ಕಾಲಿಗೆ, ಎದೆ-ಹೊಟ್ಟೆಗೆ, ಬೆನ್ನಿಗೆ, ಮುಖ-ಕತ್ತು-ಕಿವಿಗೆ ಒಂದೊಂದು. ಹೊರಡುವ 20 ನಿಮಿಷ ಮುಂಚೆ ಹಚ್ಚಿ, ಆಮೇಲೆ ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದು ಒರೆಸಿಕೊಂಡಾಗಲೆಲ್ಲ ಮತ್ತೆ. ಮಕ್ಕಳಿಗೆ ತುಂಬುತೋಳಿನ ಈಜು ಅಂಗಿ ತೊಡಿಸಿದರೆ ಅರ್ಧ ಕೆಲಸ ಉಳಿಯುತ್ತದೆ. ಟೋಪಿಗೆ ಸುತ್ತಲೂ ಅಂಚು ಇರಬೇಕು. ಕ್ರಿಕೆಟ್ ಕ್ಯಾಪ್‌ನಲ್ಲಿ ಕಿವಿ, ಕತ್ತು ಎರಡೂ ಸುಡುತ್ತವೆ.

ಹಾಗಾಗಿ ದಿನವನ್ನು ಹೀಗೆ ಕತ್ತರಿಸಿ. ಬೆಳಗ್ಗೆ 7ಕ್ಕೆಲ್ಲ ಪಾರ್ಕ್ ತಲುಪಿ ನೆರಳಿನ ಜಾಗ ಹಿಡಿಯಿರಿ. ಸೂರ್ಯೋದಯವೇ 5.40ರ ಹೊತ್ತಿಗೆ, ಆದ್ದರಿಂದ ಅದು ಬೇಗ ಅಲ್ಲ. 10ರವರೆಗೆ ನೀರು, 11ಕ್ಕೆ ಅಡುಗೆ, ಊಟ. ಆಮೇಲೆ ಹಿರಿಯರು ಕೋಣೆಗೆ ಹೋಗಿ ಮಲಗಲಿ. ಮತ್ತೆ ಬರುವುದಾದರೆ 5ರ ನಂತರ ಬನ್ನಿ, ಕತ್ತಲಾಗುವುದು 8 ದಾಟಿದ ಮೇಲೆಯೇ. ನೀವು ಉಳಿಯುವುದು ಪ್ಯಾರಮಟ್ಟಾ, ವೆಸ್ಟ್‌ಮೀಡ್ ಕಡೆಯ ನೆಂಟರ ಮನೆಯಲ್ಲಾದರೆ ಇನ್ನೊಂದು ಎಚ್ಚರ: ಸಮುದ್ರದ ಗಾಳಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ಬಿಸಿ ದಿನಗಳಲ್ಲಿ ಕರಾವಳಿಗಿಂತ ಎಷ್ಟೋ ಡಿಗ್ರಿ ಹೆಚ್ಚಿರುತ್ತದೆ. ಇನ್ನೂ ಪಶ್ಚಿಮದ ಪೆನ್ರಿತ್‌ನಲ್ಲಿ 2020ರ ಜನವರಿ 4ರಂದು 48.9 ಡಿಗ್ರಿ ದಾಖಲಾಗಿತ್ತು. ಇಂಥ ಬಿಸಿಯ ನಂತರ ದಕ್ಷಿಣದಿಂದ ಬಿರುಗಾಳಿ ನುಗ್ಗಿ ನಿಮಿಷಗಳಲ್ಲಿ 10-15 ಡಿಗ್ರಿ ಇಳಿಸುವುದೂ ಉಂಟು. ಛತ್ರಿ-ಡೇರೆಗೆ ಗೂಟ ಹೊಡೆದಿರಿ, ಒಂದೊಂದು ಸ್ವೆಟರ್ ಚೀಲದಲ್ಲಿರಲಿ.

ಸಮುದ್ರದ ಬಗ್ಗೆ ನನಗೆ ಹೆಚ್ಚು ಕಳವಳ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ, ಬಾವುಟ ಇಲ್ಲದಿದ್ದರೆ ಇಳಿಯಲೇಬೇಡಿ. ಅಲೆ ಒಡೆಯದೆ ಶಾಂತವಾಗಿ, ಸ್ವಲ್ಪ ಗಾಢ ಬಣ್ಣದಲ್ಲಿ ಕಾಣುವ ಪಟ್ಟಿಯೇ ರಿಪ್ ಪ್ರವಾಹ, ಹೊರಕ್ಕೆ ಎಳೆದೊಯ್ಯುವ ನೀರು. ಈಜು ಬಾರದವರು ಶಾಂತವಾಗಿದೆಯಲ್ಲ ಅಂತ ಹೋಗಿ ನಿಲ್ಲುವುದು ಸರಿಯಾಗಿ ಅಲ್ಲೇ. ಬ್ರಾಂಟೆಯ ದಕ್ಷಿಣ ತುದಿಯ ರಿಪ್ ಎಷ್ಟು ಬಲವಾದದ್ದೆಂದರೆ ಸ್ಥಳೀಯರು ಅದನ್ನು ಬ್ರಾಂಟೆ ಎಕ್ಸ್‌ಪ್ರೆಸ್ ಎಂದೇ ಕರೆಯುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆ ಈಜಿ ಸುಸ್ತಾಗಬೇಡಿ. ಬೆನ್ನ ಮೇಲೆ ತೇಲಿ, ಒಂದು ಕೈ ಎತ್ತಿ, ಸಹಾಯಕ್ಕೆ ಕೂಗಿ. ಮಕ್ಕಳಿಗೆ ಮತ್ತು ಈಜು ಬಾರದವರಿಗೆ ಪಕ್ಕದ ಬ್ರಾಂಟೆ ಬಾತ್ಸ್ ಎಂಬ ಉಚಿತ ಸಮುದ್ರಕೊಳ ಸಾಕು, ಆದರೆ ಆಳ ನೋಡಿ ಇಳಿಸಿ, ಅಲೆ ಗೋಡೆ ದಾಟುತ್ತಿದ್ದರೆ ಅದೂ ಬೇಡ. ಅಲೆಯೇ ಬೇಡವೆಂದರೆ ಬಂದರಿನೊಳಗಿನ ಬಾಲ್ಮೋರಲ್ ಬೀಚ್ ಒಳ್ಳೆಯದು.

ಈಶಾನ್ಯದ ಗಾಳಿ ಬೀಸುತ್ತಿದ್ದರೆ ನೀಲಿ ಗುಳ್ಳೆಯಂಥ, ಕುಟುಕುವ ಸಮುದ್ರಜೀವಿಗಳಾದ ಬ್ಲೂಬಾಟಲ್‌ಗಳು ದಡಕ್ಕೆ ಬರುತ್ತವೆ. ಕುಟುಕಿದರೆ ಉಜ್ಜಬೇಡಿ. ಅಂಟಿದ ಎಳೆಯನ್ನು ಕಿತ್ತು, ಸಮುದ್ರದ ನೀರಿನಲ್ಲಿ ತೊಳೆದು, ತಡೆಯುವಷ್ಟು ಬಿಸಿ ನೀರಿನಲ್ಲಿ 20 ನಿಮಿಷ ಅದ್ದಿ. ವಿನೆಗರ್ ಇದಕ್ಕೆ ಬೇಡ. ತುರ್ತು ಸಂಖ್ಯೆ 000.

ಊರಿಂದ ತಿಂಡಿ ಒಯ್ಯುವವರಿಗೆ: ಮಂಗಳೂರಿನ ಕುಸ್ವಾರ್ ಆಗಲಿ, ಚಕ್ಕುಲಿ ಆಗಲಿ, ವಿಮಾನದಲ್ಲಿ ಕೊಡುವ ಕಾರ್ಡ್‌ನಲ್ಲಿ ಆಹಾರ ಇದೆ ಎಂದು ಗುರುತು ಹಾಕಲೇಬೇಕು. ಘೋಷಿಸಿದ ವಸ್ತು ನಿಷಿದ್ಧವಾಗಿದ್ದರೆ ತೆಗೆದುಕೊಂಡು ಬಿಟ್ಟುಬಿಡುತ್ತಾರೆ, ಮುಚ್ಚಿಟ್ಟರೆ ದಂಡ ಸಾವಿರಾರು ಡಾಲರ್ ತನಕ ಹೋಗಬಹುದು. ಪೇಡ, ಬರ್ಫಿಯಂಥ ಹಾಲಿನ ಸಿಹಿ, ಹಸಿ ಕರಿಬೇವು, ಹಣ್ಣು, ತರಕಾರಿ ತರಲೇಬೇಡಿ.

ಪೂಜೆಗೆ ಹೋಗುವುದಿದ್ದರೆ ಹೈಡ್ ಪಾರ್ಕ್ ಪಕ್ಕದ ಸೇಂಟ್ ಮೇರೀಸ್ ಕೆಥೆಡ್ರಲ್‌ನಲ್ಲಿ 24ರ ಮಧ್ಯರಾತ್ರಿಯ ಬಲಿಪೂಜೆ ಇರುತ್ತದೆ. ಕೂರಲು ಜಾಗ ಬೇಕೆಂದರೆ ತುಂಬಾ ಮುಂಚೆ ಹೋಗಿ. 26ರ ಮಧ್ಯಾಹ್ನ 1ಕ್ಕೆ ಬಂದರಿನಿಂದ ಸಿಡ್ನಿ-ಹೋಬಾರ್ಟ್ ಹಾಯಿದೋಣಿ ಸ್ಪರ್ಧೆ ಹೊರಡುತ್ತದೆ, 1945ರಿಂದ ನಡೆದುಬಂದದ್ದು. ವಾಟ್ಸನ್ಸ್ ಬೇ ಮೇಲಿನ ಸೌತ್ ಹೆಡ್‌ನಿಂದ ಚೆನ್ನಾಗಿ ಕಾಣುತ್ತದೆ, ಟಿಕೆಟ್ ಇಲ್ಲ. ಆದರೆ ಅಲ್ಲಿ ನೆರಳು ಕಡಿಮೆ, ಸಮಯವೂ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುವ ಹೊತ್ತು. ಅಪ್ಪ-ಅಮ್ಮನನ್ನು ಕರೆದೊಯ್ಯುವುದಾದರೆ ಛತ್ರಿ ಮತ್ತು ತಲಾ ಒಂದು ಲೀಟರ್ ನೀರು ಮರೆಯಬೇಡಿ.