ಪ್ರತಿಕ್ರಿಯೆ: ಸಾಲು ಬಾಗಿರುವುದು ತಪ್ಪಲ್ಲ

ಕೆಜಿಎಫ್ ಗಣಿಯಲ್ಲಿದ್ದ ನಿಮ್ಮ ಮುತ್ತಜ್ಜನ ಗುಂಪು ಫೋಟೋದಲ್ಲಿ ಸಾಲು ಬಾಗಿದೆ, ಅಂಚಿನವರು ಒಳಕ್ಕೆ ತಿರುಗಿದ್ದಾರೆ, ತೆಗೆದವರಿಗೆ ಕೈ ಪಳಗಿರಲಿಲ್ಲವೇ ಎಂದು ಕೇಳಿದ್ದೀರಿ. ನನಗಂತೂ ಅದು ಚೆನ್ನಾಗಿ ಪಳಗಿದ ಕೈ ಅನ್ನಿಸುತ್ತದೆ.

ಹಳೆಯ ಬಹಳಷ್ಟು ಲೆನ್ಸ್‌ಗಳಲ್ಲಿ ಫೋಕಸ್ ಸಿಗುವ ಜಾಗ ನೇರವಾಗಿರದೆ ಬಾಗಿರುತ್ತಿತ್ತು. ನೇರ ಸಾಲಿನಲ್ಲಿ ಕೂರಿಸಿದರೆ ನಡುವಿನವರು ಸ್ಪಷ್ಟ, ಅಂಚಿನವರು ಮಸುಕು. ಅದಕ್ಕೇ ಕುರ್ಚಿಗಳನ್ನು ಅರ್ಧಚಂದ್ರಾಕಾರದಲ್ಲಿ ಇಡುತ್ತಿದ್ದರು. ಇದರಿಂದ ಇನ್ನೊಂದು ಲಾಭವೂ ಇದೆ. ಅಂಚಿನವರ ಭುಜಗಳು ನೋಟವನ್ನು ಚಿತ್ರದ ಹೊರಗೆ ಹೋಗಲು ಬಿಡುವುದಿಲ್ಲ, ಮತ್ತೆ ನಡುವಿನ ಕುರ್ಚಿಗೇ ತಳ್ಳುತ್ತವೆ. ಬೆರಳಿನಿಂದ ಆ ಸಾಲನ್ನು ಸವರುತ್ತಾ ಹೋಗಿ, ಗೊತ್ತಾಗುತ್ತದೆ.

ನಡುವೆ ಕೂತವರು ಯಾರು, ನೆಲದ ಮೇಲೆ ಕೂತವರು ಯಾರು ಎಂದು ದಯವಿಟ್ಟು ನಿಧಾನವಾಗಿ ನೋಡಿ. ಕುರ್ಚಿ, ಬೆಂಚು, ನೆಲ: ಗಣಿಯ ಮೇಲು ಕೀಳು ಪೂರ್ತಿ ಅಲ್ಲಿದೆ. ನಿಮ್ಮ ಮುತ್ತಜ್ಜ ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ ಎಂದಿರಿ. ಆದರೂ ಹಿಂದಿನ ಕಪ್ಪು ಬಾಗಿಲಿನ ಮುಂದೆ ಅವರ ಬಿಳಿ ಪೇಟ ಎದ್ದು ಕಾಣುತ್ತದೆ. ಇಡೀ ಚಿತ್ರದಲ್ಲಿ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಅಲ್ವಾ?

ಬಣ್ಣದ ವಿಷಯದಲ್ಲಿ ಮಾತ್ರ ಹುಷಾರು. ಆ ಕಾಲದಲ್ಲಿ ಫಿಲ್ಮ್‌ನಂತೆ ಚಿತ್ರ ಹಿಡಿಯಲು ಬಳಸುತ್ತಿದ್ದ ಹೆಚ್ಚಿನ ಗಾಜಿನ ಪ್ಲೇಟ್‌ಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಕಪ್ಪಾಗಿ ಕಾಣುವ ಪೇಟ ನಿಜಕ್ಕೂ ಕೆಂಪಿದ್ದಿರಬಹುದು, ಬೆಳ್ಳಗಿರುವ ಅಂಗಿ ತಿಳಿನೀಲಿ ಇದ್ದಿರಬಹುದು. ಮುಂದೆ ಕೂತ ಹುಡುಗನ ಮುಖ ಕದಡಿರುವುದು ಅವನು ಅಲುಗಾಡಿದ್ದರಿಂದ, ಅಷ್ಟೇ.

ಹಿನ್ನೆಲೆಯಲ್ಲಿ ಕರೆಂಟ್ ದೀಪ ಇದೆಯೇ ಎಂದೂ ಹುಡುಕಿ. ಶಿವನಸಮುದ್ರದಿಂದ ಕೆಜಿಎಫ್‌ಗೆ ವಿದ್ಯುತ್ ಬಂದದ್ದು 1902ರಲ್ಲಿ. ಫೋಟೋದ ಕಾಲ ಅಂದಾಜು ಮಾಡಲು ಅದು ಒಳ್ಳೆಯ ಸುಳಿವು.